ಬಿಪಿ ಸರಿ ಇದ್ದರಷ್ಟೇ ಸಾಕೇ? ಐಸಿಯು ವೈದ್ಯರು ಬೆರಳ ತುದಿ ಒತ್ತಿ ನೋಡುವುದರ ಹಿಂದಿನ ಲೆಕ್ಕ

2025ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೆಸರು ‘ಆಂಡ್ರೊಮಿಡಾ ಶಾಕ್–2’. ಸೋಂಕು ತೀವ್ರವಾಗಿ ಸೆಪ್ಟಿಕ್ ಶಾಕ್‌ಗೆ (ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ) ಹೋದ ರೋಗಿಗಳ ಮೇಲೆ, 19 ದೇಶಗಳ 86 ಕೇಂದ್ರಗಳಲ್ಲಿ ಇದು ನಡೆದಿತ್ತು. ರೋಗಿಯ ಬೆರಳ ತುದಿಯನ್ನು ಒತ್ತಿ ಬಿಟ್ಟು, ರಕ್ತ ಎಷ್ಟು ಬೇಗ ವಾಪಸು ಬರುತ್ತದೆ ಎಂದು ನೋಡಿಕೊಂಡು ಚಿಕಿತ್ಸೆ ಕೊಟ್ಟರೆ ಫಲಿತಾಂಶ ಉತ್ತಮವಾಗಿರುತ್ತದೆ ಎಂದು ಅದು ಹೇಳಿತು.

ಸುದ್ದಿ ಇಷ್ಟೇ ಆಗಿದ್ದರೆ ಗೊಂದಲ ಇರಲಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. 28 ದಿನಗಳೊಳಗೆ ತೀರಿಕೊಂಡವರು ಹೊಸ ವಿಧಾನದ ಗುಂಪಿನಲ್ಲಿ ಶೇ 26.5, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 26.6. ಅಂದರೆ ಸಾವು ಕಡಿಮೆ ಆಗಲೇ ಇಲ್ಲ. ಹಾಗಿದ್ದ ಮೇಲೆ ಗೆದ್ದದ್ದು ಏನು? ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ತುಂಬಿರುವ ಐಸಿಯುನಲ್ಲಿ, ಬೆರಳು ಒತ್ತಿ ನೋಡುವಂಥ ಹಳೇ ಪದ್ಧತಿಗೆ ಇಷ್ಟು ದೊಡ್ಡ ಅಧ್ಯಯನ ಯಾಕೆ ಬೇಕಾಯಿತು? ಇದು ಅರ್ಥವಾಗಬೇಕಾದರೆ ಮೊದಲು ಬಿಪಿ ಅಳೆಯುವ ಯಂತ್ರ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದನ್ನು ತಿಳಿಯಬೇಕು.

‘ಬಿಪಿ ಸ್ಟೇಬಲ್ ಇದೆ’ ಎಂದರೆ

ಐಸಿಯು ಬಾಗಿಲಲ್ಲಿ ಕಾಯುವ ಮನೆಯವರು ದಿನಕ್ಕೆ ನಾಲ್ಕು ಸಲ ಕೇಳುವ ಮಾತು ಇದು. ಬಿಪಿ ಸ್ಟೇಬಲ್ ಇದೆ. ಕೇಳಿದಾಗ ಸಮಾಧಾನವಾಗುತ್ತದೆ. ಮಾರನೇ ದಿನ ಬಂದರೆ ಕಿಡ್ನಿ ಕೆಲಸ ಮಾಡುತ್ತಿಲ್ಲ, ಡಯಾಲಿಸಿಸ್ ಬೇಕು ಎನ್ನುತ್ತಾರೆ. ನಿನ್ನೆ ಸರಿ ಇತ್ತಲ್ಲ ಎಂದು ಮನೆಯವರು ಕೇಳುತ್ತಾರೆ. ವೈದ್ಯರು ಸುಳ್ಳು ಹೇಳಿರುವುದಿಲ್ಲ. ಬಿಪಿ ನಿಜವಾಗಿಯೂ ಸರಿಯಾಗಿಯೇ ಇತ್ತು.

ಬಿಪಿ ಎಂದರೆ ದೊಡ್ಡ ರಕ್ತನಾಳಗಳ ಒಳಗಿನ ಒತ್ತಡ. ಆದರೆ ಜೀವಕೋಶಕ್ಕೆ ಆಮ್ಲಜನಕ ಸಿಗುವುದು ದೊಡ್ಡ ನಾಳದಲ್ಲಲ್ಲ. ಅದು ಕವಲೊಡೆದು, ಮತ್ತೆ ಕವಲೊಡೆದು, ಕೊನೆಗೆ ಕೂದಲಿಗಿಂತಲೂ ಎಷ್ಟೋ ಪಟ್ಟು ಸಣ್ಣದಾದ ಲೋಮನಾಳಗಳಲ್ಲಿ. ಒಂದು ಲೋಮನಾಳದ ಅಗಲ ಹೆಚ್ಚುಕಡಿಮೆ 5ರಿಂದ 10 ಮೈಕ್ರೊಮೀಟರ್. ಕೆಂಪು ರಕ್ತಕಣದ ಅಗಲವೇ 7–8 ಮೈಕ್ರೊಮೀಟರ್. ಹಾಗಾಗಿ ಕಣಗಳು ಒಂದರ ಹಿಂದೆ ಒಂದು ಸಾಲಾಗಿ, ಎಷ್ಟೋ ಸಲ ಮೈ ಮುದುಡಿಕೊಂಡೇ ದಾಟಬೇಕು. ಆ ದಾಟುವ ಹೊತ್ತಿನಲ್ಲಿಯೇ ಆಮ್ಲಜನಕ ಪಕ್ಕದ ಜೀವಕೋಶಕ್ಕೆ ಸೇರುತ್ತದೆ. ಈ ಕಿರುನಾಳಗಳು ಅಗತ್ಯಕ್ಕೆ ತಕ್ಕಂತೆ ತೆರೆದುಕೊಳ್ಳುವ ಬಗೆಯನ್ನು ಕಂಡುಹಿಡಿದದ್ದಕ್ಕೆ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರಿಗೆ 1920ರಲ್ಲೇ ನೊಬೆಲ್ ಬಂದಿತ್ತು. ಅಂದರೆ ವಿಷಯ ಹೊಸದಲ್ಲ. ಅದನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವ ದಾರಿ ಮಾತ್ರ ಬಹಳ ಕಾಲ ಸಿಕ್ಕಿರಲಿಲ್ಲ.

ತುಂಗಭದ್ರಾ ನಾಲೆಯ ಕೊನೇ ಭಾಗದ ರೈತರ ಗೋಳು ನಮಗೆಲ್ಲ ಗೊತ್ತಿರುವುದೇ. ಜಲಾಶಯದಲ್ಲಿ ನೀರಿರುತ್ತದೆ, ಮುಖ್ಯ ನಾಲೆ ತುಂಬಿ ಹರಿಯುತ್ತಿರುತ್ತದೆ, ಗೇಜ್ ಓದಿದ ಎಂಜಿನಿಯರ್ ಎಲ್ಲ ಸರಿ ಇದೆ ಎನ್ನುತ್ತಾರೆ. ಕೊನೇ ಭಾಗದ ಗದ್ದೆ ಮಾತ್ರ ಒಣಗುತ್ತಿರುತ್ತದೆ. ಮುಖ್ಯ ನಾಲೆಯ ಗೇಜ್ ಓದಿ ಗದ್ದೆಯ ಸ್ಥಿತಿ ಹೇಳಲಾಗದು. ಬಿಪಿ ನೋಡಿ ಕಿರುನಾಳಗಳ ಸ್ಥಿತಿ ಹೇಳಲಾಗದೇ ಇರುವುದೂ ಇದೇ ಕಾರಣಕ್ಕೆ.

ಸೋಂಕು ಏರಿದಾಗ ಕಿರುನಾಳಗಳಿಗೆ ಆಗುವುದೇನು

ಆರೋಗ್ಯವಾಗಿರುವ ದೇಹದಲ್ಲಿ ಬಿಪಿಗೂ ಕಿರುನಾಳಗಳ ಹರಿವಿಗೂ ಒಳ್ಳೇ ಹೊಂದಾಣಿಕೆ ಇರುತ್ತದೆ. ಒಂದು ಸರಿಯಾದರೆ ಇನ್ನೊಂದೂ ಸರಿ. ರಕ್ತಸ್ರಾವವಾಗಿ ಶಾಕ್ ಆದವರಿಗೆ ಬೇಗ ರಕ್ತ ಕೊಟ್ಟರೆ ಎರಡೂ ಒಟ್ಟಿಗೆ ಸುಧಾರಿಸುವುದುಂಟು. ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿಯಾದ ಸೆಪ್ಸಿಸ್‌ನಲ್ಲಿ ಆಗುವ ಎಡವಟ್ಟು ಎಂದರೆ, ಈ ಹೊಂದಾಣಿಕೆಯೇ ಕಳಚಿ ಬೀಳುತ್ತದೆ.

ಕಾರಣ ಹಲವು. ರಕ್ತನಾಳದ ಒಳಮೈಗೆ ಜಿಗುಟಾದ ತೆಳುಪದರ ಒಂದಿರುತ್ತದೆ. ಸೋಂಕಿನ ಉರಿಯೂತದಲ್ಲಿ ಅದು ಸವೆದು ಹೋಗುತ್ತದೆ. ಆಗ ಬಿಳಿ ರಕ್ತಕಣಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಕೆಂಪು ಕಣಗಳು ಮೊದಲಿನಂತೆ ಮೈ ಮುದುಡಿಸಲಾರದೆ ಗಡುಸಾಗುತ್ತವೆ. ಅಲ್ಲಲ್ಲಿ ಸಣ್ಣ ಹೆಪ್ಪುಗಳು ಕಟ್ಟುತ್ತವೆ. ನೀರು ನಾಳದಿಂದ ಹೊರಗೆ ಸೋರಿ ಸುತ್ತಲ ಜಾಗ ಊದಿಕೊಳ್ಳುತ್ತದೆ. ಪರಿಣಾಮವಾಗಿ ಒಂದು ಲೋಮನಾಳದಲ್ಲಿ ರಕ್ತ ಓಡುತ್ತಿದ್ದರೆ ಪಕ್ಕದ್ದರಲ್ಲಿ ನಿಂತೇಬಿಟ್ಟಿರುತ್ತದೆ. ಓಡುವ ನಾಳದ ಮೂಲಕ ರಕ್ತ ಸರ್ರನೆ ದಾಟಿ, ಆಮ್ಲಜನಕ ಪೂರ್ತಿ ಇಳಿಸದೆಯೇ ಹೃದಯಕ್ಕೆ ವಾಪಸು ಹೋಗುತ್ತದೆ. ವಾಪಸು ಬಂದ ರಕ್ತದಲ್ಲಿ ಆಮ್ಲಜನಕ ಚೆನ್ನಾಗಿಯೇ ಇದೆ ಎಂದು ಯಂತ್ರ ತೋರಿಸುತ್ತದೆ. ಜೀವಕೋಶಕ್ಕೆ ಮಾತ್ರ ಸಿಕ್ಕಿರುವುದಿಲ್ಲ.

ಇದನ್ನು ರೋಗಿಗಳಲ್ಲಿ ನೇರವಾಗಿ ತೋರಿಸಿದ್ದು ಬ್ರಸೆಲ್ಸ್‌ನ ಡ್ಯಾನಿಯಲ್ ಡಿ ಬ್ಯಾಕರ್ ಮತ್ತು ಸಂಗಡಿಗರು, 2002ರಲ್ಲಿ. ನಾಲಿಗೆಯ ಅಡಿಯಲ್ಲಿ ಪುಟ್ಟ ಕ್ಯಾಮೆರಾ ಇಟ್ಟು ಲೋಮನಾಳಗಳನ್ನು ನೋಡಿದರು. ಸೆಪ್ಸಿಸ್ ಆದವರಲ್ಲಿ ರಕ್ತ ಹರಿಯುವ ಸಣ್ಣ ನಾಳಗಳು ಕಡಿಮೆ ಇದ್ದವು. ತೀರಿಕೊಂಡವರಲ್ಲಿ ಬದುಕಿದವರಿಗಿಂತ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಎರಡು ವರ್ಷದ ನಂತರ ಅದೇ ತಂಡದ ಇನ್ನೊಂದು ಅಧ್ಯಯನ ಬಂತು. ದಿನ ಕಳೆದಂತೆ ಕಿರುನಾಳಗಳು ಸುಧಾರಿಸಿದವರು ಉಳಿದರು, ಸುಧಾರಿಸದವರಲ್ಲಿ ಅಂಗಾಂಗ ವೈಫಲ್ಯ ಜಾಸ್ತಿ.

ಅಂಕಿಗಳ ಹಿಂದೆ ಓಡಿದ ಎರಡು ದಶಕ

2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಬಂದ ಅಧ್ಯಯನವೊಂದು ಸೆಪ್ಸಿಸ್ ಚಿಕಿತ್ಸೆಯನ್ನೇ ಬದಲಿಸಿತ್ತು. ಮೊದಲ ಆರು ಗಂಟೆಯಲ್ಲಿ ಬಿಪಿ, ಕುತ್ತಿಗೆಯ ದೊಡ್ಡ ರಕ್ತನಾಳದ ಒತ್ತಡ, ಅಲ್ಲಿನ ಆಮ್ಲಜನಕದ ಪ್ರಮಾಣ ಇಷ್ಟಿಷ್ಟು ಇರಲೇಬೇಕು ಎಂದು ಗುರಿ ಇಟ್ಟು ಚಿಕಿತ್ಸೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದಿತು. ಜಗತ್ತಿನ ಎಷ್ಟೋ ಐಸಿಯುಗಳು ಅದನ್ನೇ ಪಾಲಿಸಿದವು. 2014 ಮತ್ತು 2015ರಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ ಕೇಂದ್ರವಾಗಿ ನಡೆದ ಮೂರು ದೊಡ್ಡ ಪರೀಕ್ಷೆಗಳು ಪ್ರಕಟವಾದವು. ಮೂರರಲ್ಲೂ ಆ ಲಾಭ ಕಾಣಲಿಲ್ಲ. 2014ರಲ್ಲೇ ಫ್ರಾನ್ಸ್‌ನ 776 ರೋಗಿಗಳ ಮೇಲೆ ಸರಾಸರಿ ಬಿಪಿಯನ್ನು 65–70ರ ಬದಲು 80–85ಕ್ಕೆ ಏರಿಸಿ ನೋಡಿದರು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ.

ದೊಡ್ಡ ನಾಳದ ಅಂಕಿಯನ್ನು ಏರಿಸುವುದರಿಂದ ಸಣ್ಣ ನಾಳಕ್ಕೆ ಪ್ರಯೋಜನ ಆಗದಿದ್ದರೂ, ಏರಿಸುವ ಯತ್ನಕ್ಕೆ ಬೆಲೆಯಂತೂ ಇದೆ. ಬಿಪಿ ಏರಿಸುವುದು ಎರಡು ದಾರಿಯಲ್ಲಿ: ಡ್ರಿಪ್ ಹಾಕುವುದು, ಇಲ್ಲವೇ ನಾರ್‌ಅಡ್ರಿನಲಿನ್‌ನಂಥ ಔಷಧಿ ಕೊಟ್ಟು ನಾಳಗಳನ್ನು ಬಿಗಿ ಮಾಡುವುದು. ಡ್ರಿಪ್ ಅತಿಯಾದರೆ ಸೋರುವ ನಾಳಗಳಿಂದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ವೆಂಟಿಲೇಟರ್ ದಿನಗಳು ಹೆಚ್ಚುತ್ತವೆ. ಔಷಧಿ ಅತಿಯಾದರೆ ಕೈಕಾಲಿನ ಬೆರಳು, ಕರುಳುಗಳಿಗೆ ರಕ್ತ ಕಡಿಮೆಯಾಗುತ್ತದೆ. 2011ರಲ್ಲಿ ಉಗಾಂಡ, ಕೆನ್ಯಾ, ತಾಂಜಾನಿಯಾಗಳಲ್ಲಿ ತೀವ್ರ ಸೋಂಕಿನಿಂದ ರಕ್ತಸಂಚಾರ ಕುಗ್ಗಿದ್ದ 3,141 ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ವೈದ್ಯರನ್ನೇ ಬೆಚ್ಚಿಬೀಳಿಸಿತ್ತು. ಒಮ್ಮೆಲೇ ಜಾಸ್ತಿ ಡ್ರಿಪ್ ಕೊಟ್ಟ ಮಕ್ಕಳಲ್ಲಿ 48 ಗಂಟೆಯೊಳಗೆ ತೀರಿಕೊಂಡವರು ಶೇ 10.5ರಷ್ಟು. ಹಾಗೆ ಕೊಡದವರಲ್ಲಿ ಶೇ 7.3. ಅದು ಐಸಿಯು ಸೌಲಭ್ಯವೇ ಇಲ್ಲದ ಆಸ್ಪತ್ರೆಗಳ ಅನುಭವ, ಎಲ್ಲ ಕಡೆಗೂ ಹಾಗೇ ಅನ್ವಯಿಸಲಾಗದು. ಆದರೂ ‘ಇನ್ನೊಂದು ಬಾಟಲಿ ಹಾಕಿದರೆ ತಪ್ಪೇನು’ ಎಂಬ ನಂಬಿಕೆ ಅಲ್ಲಿಂದ ಅಲುಗಾಡಿತು.

ಹೀಗಾಗಿ ವೈದ್ಯರಿಗೆ ಬೇಕಿದ್ದದ್ದು ‘ಇಷ್ಟು ಸಾಕು, ನಿಲ್ಲಿಸಿ’ ಎಂದು ಹೇಳುವ ಒಂದು ಗುರುತು. ಬೆರಳ ತುದಿಯ ಕಥೆ ಶುರುವಾಗುವುದು ಇಲ್ಲಿಂದ.

ಒತ್ತಿ, ಹತ್ತು ಸೆಕೆಂಡ್ ಹಿಡಿದು, ಬಿಡುವುದು

ಇದನ್ನು ವೈದ್ಯರು ‘ಕ್ಯಾಪಿಲರಿ ರೀಫಿಲ್ ಟೈಮ್’ ಅಥವಾ ಚಿಕ್ಕದಾಗಿ ಸಿಆರ್‌ಟಿ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಗಾಯಾಳುಗಳ ಕಾಲದಿಂದಲೂ ಬಳಕೆಯಲ್ಲಿದೆ. ಆದರೆ ಸುಮ್ನೆ ಉಗುರು ಒತ್ತಿ ‘ಪರವಾಗಿಲ್ಲ’ ಎನ್ನುವುದಕ್ಕೂ ಅಧ್ಯಯನದಲ್ಲಿ ಮಾಡಿದ್ದಕ್ಕೂ ಅಂತರ ಇದೆ.

ಆಂಡ್ರೊಮಿಡಾ ಅಧ್ಯಯನದ ವಿಧಾನ ಹೀಗಿತ್ತು. ಸೂಕ್ಷ್ಮದರ್ಶಕಕ್ಕೆ ಬಳಸುವ ಗಾಜಿನ ತುಂಡೊಂದನ್ನು ರೋಗಿಯ ಬಲಗೈ ತೋರುಬೆರಳ ತುದಿಯ ಒಳಭಾಗಕ್ಕೆ ಇಡಬೇಕು. ಚರ್ಮ ಬಿಳಿಚುವವರೆಗೂ ಒತ್ತಡ ಏರಿಸಬೇಕು. ಬಿಳಿಚಿದ ಮೇಲೆ ಹತ್ತು ಸೆಕೆಂಡ್ ಹಾಗೇ ಹಿಡಿಯಬೇಕು. ಬಿಟ್ಟ ಕ್ಷಣದಿಂದ ಗಡಿಯಾರ ಶುರು. ಮೊದಲಿನ ಬಣ್ಣ ಬರಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹರಿವು ಸರಿಯಿಲ್ಲ ಎಂದು ಅರ್ಥ. ಗಾಜು ಪಾರದರ್ಶಕವಾದ್ದರಿಂದ ಚರ್ಮ ನಿಜವಾಗಿಯೂ ಬಿಳಿಚಿತೇ ಎಂಬುದು ಒತ್ತುವಾಗಲೇ ಕಾಣುತ್ತದೆ. ಒಬ್ಬರು ಜೋರಾಗಿ, ಇನ್ನೊಬ್ಬರು ಮೆಲ್ಲಗೆ ಒತ್ತಿ ಬೇರೆ ಬೇರೆ ಉತ್ತರ ಪಡೆಯುವುದು ಕಡಿಮೆಯಾಗುತ್ತದೆ.

ಚರ್ಮವನ್ನೇ ಯಾಕೆ ನೋಡಬೇಕು? ಶಾಕ್ ಆದಾಗ ದೇಹ ಮಿದುಳು, ಹೃದಯಗಳಿಗೆ ರಕ್ತ ಉಳಿಸಲು ಮೊದಲು ಚರ್ಮಕ್ಕೆ ಕಡಿತ ಮಾಡುತ್ತದೆ. ಮನೆಯಲ್ಲಿ ಹಿರಿಯರು ‘ಕೈಕಾಲು ತಣ್ಣಗಾಗ್ತಿದೆ’ ಎಂದು ಗಾಬರಿಯಾಗುವುದು ಇದನ್ನೇ ಕಂಡು. ಕಡಿತ ಮೊದಲು ಶುರುವಾಗುವ ಜಾಗದಲ್ಲಿ ಹರಿವು ವಾಪಸು ಬಂತೆಂದರೆ, ಒಳಗಿನ ಅಂಗಗಳಿಗೂ ಬಂದಿರುವ ಸಾಧ್ಯತೆ ಹೆಚ್ಚು. ಪ್ರತಿ ರೋಗಿಯಲ್ಲೂ ಹಾಗೇ ಆಗುತ್ತದೆ ಎಂಬ ಖಾತ್ರಿ ಇಲ್ಲ. ಆದರೆ ಲಕ್ಷಣವಾಗಿ ಇದು ಉಪಯುಕ್ತ.

ರಕ್ತಪರೀಕ್ಷೆಯ ಎದುರು ಬೆರಳು

ಮೊದಲ ಆಂಡ್ರೊಮಿಡಾ ಅಧ್ಯಯನ 2019ರಲ್ಲಿ ಬಂತು. ಚಿಲಿಯ ಗ್ಲೆನ್ ಹೆರ್ನಾಂಡೆಸ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದ ಐದು ದೇಶಗಳ 28 ಐಸಿಯುಗಳಲ್ಲಿ 424 ರೋಗಿಗಳನ್ನು ಸೇರಿಸಿಕೊಂಡರು. ಒಂದು ಗುಂಪಿಗೆ ಸಿಆರ್‌ಟಿ ಸರಿಯಾಗುವುದೇ ಗುರಿ, ಅರ್ಧ ಗಂಟೆಗೊಮ್ಮೆ ನೋಡುವುದು. ಇನ್ನೊಂದು ಗುಂಪಿಗೆ ರಕ್ತದ ಲ್ಯಾಕ್ಟೇಟ್ ಇಳಿಯುವುದು ಗುರಿ, ಎರಡು ಗಂಟೆಗೊಮ್ಮೆ ಪರೀಕ್ಷೆ.

ಲ್ಯಾಕ್ಟೇಟ್ ಇಂದಿಗೂ ಸೆಪ್ಟಿಕ್ ಶಾಕ್ ಗುರುತಿಸುವ ಮುಖ್ಯ ಪರೀಕ್ಷೆ. ಆಮ್ಲಜನಕ ಸಿಗದ ಜೀವಕೋಶ ಅದನ್ನು ಹೆಚ್ಚು ತಯಾರಿಸುತ್ತದೆ, ನಿಜ. ಆದರೆ ಅದು ಏರಲು ಬೇರೆ ಕಾರಣಗಳೂ ಇವೆ. ಲಿವರ್ ಸರಿಯಾಗಿ ಕೆಲಸ ಮಾಡದಿದ್ದರೆ ಅದು ರಕ್ತದಿಂದ ಬೇಗ ಹೊರಹೋಗುವುದಿಲ್ಲ. ದೇಹದ ಅಡ್ರಿನಲಿನ್ ಏರಿದಾಗಲೂ ಅದು ಏರುತ್ತದೆ. ಹಾಗಾಗಿ ಕಿರುನಾಳಗಳ ಹರಿವು ಸುಧಾರಿಸಿ ಎಷ್ಟೋ ಹೊತ್ತಾದ ಮೇಲೂ ಲ್ಯಾಕ್ಟೇಟ್ ಮೇಲೆಯೇ ಇರಬಹುದು. ಅದನ್ನೇ ಇಳಿಸಲು ಹೊರಟ ವೈದ್ಯರು ಬೇಕಿಲ್ಲದ ಡ್ರಿಪ್, ಬೇಕಿಲ್ಲದ ಔಷಧಿ ಕೊಡುತ್ತಾ ಹೋಗುತ್ತಾರೆ.

ಫಲಿತಾಂಶ: 28 ದಿನಗಳಲ್ಲಿ ಸಾವು ಸಿಆರ್‌ಟಿ ಗುಂಪಿನಲ್ಲಿ ಶೇ 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ 43.4. ಅಂತರ ದೊಡ್ಡದೇ. ಆದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ಆಕಸ್ಮಿಕವೂ ಆಗಿರಬಹುದು ಎಂಬ ಅನುಮಾನದ ಗೆರೆಯನ್ನು ಕೂದಲೆಳೆಯಲ್ಲಿ ದಾಟಲಾಗಲಿಲ್ಲ. ಮೊದಲ ಎಂಟು ಗಂಟೆಯಲ್ಲಿ ಸಿಆರ್‌ಟಿ ಗುಂಪಿಗೆ ಸರಾಸರಿ 408 ಮಿಲಿಲೀಟರ್ ಡ್ರಿಪ್ ಕಡಿಮೆ ಹೋಗಿತ್ತು. ಅದೇ ಮಾಹಿತಿಯನ್ನು ನಂತರ ಬಿಡಿಸಿ ನೋಡಿದಾಗ ಇನ್ನೊಂದು ವಿಷಯ ಕಂಡಿತು. ಆರಂಭದಲ್ಲೇ ಸಿಆರ್‌ಟಿ ಸರಿ ಇದ್ದವರಿಗೂ ಲ್ಯಾಕ್ಟೇಟ್ ನೋಡಿಕೊಂಡು ಚಿಕಿತ್ಸೆ ಮುಂದುವರಿಸಿದಾಗ, ಅವರಲ್ಲಿ ಸಾವು ಹೆಚ್ಚಿರಬಹುದು ಎಂಬ ಸೂಚನೆ. ಇದು ಸೂಚನೆಯಷ್ಟೇ, ಪುರಾವೆ ಎನ್ನಲಾಗದು. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಸಿಆರ್‌ಟಿಯನ್ನು ಇತರ ಪರೀಕ್ಷೆಗಳ ಜೊತೆಗೆ ಬಳಸಬಹುದು ಎಂದು ದುರ್ಬಲ ಶಿಫಾರಸು ಮಾಡಿತು. ದೊಡ್ಡ ಅಧ್ಯಯನ ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ಎರಡನೇ ಅಧ್ಯಯನ ನಿಜವಾಗಿ ಪರೀಕ್ಷಿಸಿದ್ದು

ಇಲ್ಲಿ ಸುದ್ದಿಗಳು ಬಿಟ್ಟುಬಿಟ್ಟ ಒಂದು ಮಾತಿದೆ. ‘ಬೆರಳು ಒತ್ತಿದರು, ರೋಗಿ ಸುಧಾರಿಸಿದ’ ಎಂಬುದು ಅರ್ಧ ಸತ್ಯ. ಎರಡನೇ ಅಧ್ಯಯನದಲ್ಲಿ ಬೆರಳು ಒತ್ತುವುದು ಮೊದಲ ಮೆಟ್ಟಿಲು ಮಾತ್ರ. ಸುಮಾರು 1,500 ರೋಗಿಗಳಲ್ಲಿ 1,467 ಮಂದಿ ಮುಖ್ಯ ಲೆಕ್ಕಕ್ಕೆ ಸಿಕ್ಕರು. ಅರ್ಧದಷ್ಟು ಜನರಿಗೆ ಮೊದಲ ಆರು ಗಂಟೆ ಹೀಗೆ ಮಾಡಿದರು:

ಸಿಆರ್‌ಟಿ ಸರಿ ಇದೆಯೇ? ಇದ್ದರೆ ಹೊಸದಾಗಿ ಏನೂ ಬೇಡ, ಮತ್ತೆ ನೋಡುತ್ತಿರೋಣ. ಸರಿ ಇಲ್ಲವೆಂದರೆ ಬಿಪಿಯ ಎರಡು ಅಂಕಿಗಳ ನಡುವಿನ ಅಂತರ ನೋಡಬೇಕು. ಮೇಲಿನದು 90, ಕೆಳಗಿನದು 60 ಎಂದುಕೊಳ್ಳಿ, ಅಂತರ 30. ಅಂತರ 40ಕ್ಕಿಂತ ಕಡಿಮೆ ಎಂದರೆ ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತ ಕಡಿಮೆ ಇರಬಹುದು. ಆಗ ಡ್ರಿಪ್ ಕೊಟ್ಟರೆ ಹೃದಯ ಸ್ಪಂದಿಸುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು. ಕಾಲುಗಳನ್ನು ಮೇಲೆತ್ತಿ ನೋಡುವುದು ಅಂಥದೊಂದು ಪರೀಕ್ಷೆ. ಸ್ಪಂದಿಸುವುದಾದರೆ ಮಾತ್ರ ಡ್ರಿಪ್. ಅಂತರ 40 ಅಥವಾ ಅದಕ್ಕಿಂತ ಹೆಚ್ಚಿದ್ದು, ಕೆಳಗಿನ ಬಿಪಿ 50ಕ್ಕಿಂತ ಕಡಿಮೆ ಇದ್ದರೆ ನಾಳಗಳು ಸಡಿಲವಾಗಿವೆ ಎಂದು ಅರ್ಥ. ಆಗ ನಾರ್‌ಅಡ್ರಿನಲಿನ್ ಏರಿಸಬೇಕು. ಇಷ್ಟಕ್ಕೂ ಬೆರಳು ಸುಧಾರಿಸದಿದ್ದರೆ ಎಕೋ ಮಾಡಿ ಹೃದಯ ನೋಡಬೇಕು. ಹಳೇ ಬಿಪಿ ರೋಗಿಯಾದರೆ ಸ್ವಲ್ಪ ಹೊತ್ತು ಬಿಪಿ ಏರಿಸಿ ಬೆರಳು ಸುಧಾರಿಸುತ್ತದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಹೃದಯ ಚುರುಕುಗೊಳಿಸುವ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಬೇಕು.

ಗಮನಿಸಿ, ಪ್ರತಿ ಹೆಜ್ಜೆಯಲ್ಲೂ ‘ಈ ರೋಗಿಗೆ ಯಾವ ತೊಂದರೆ’ ಎಂಬ ಪ್ರಶ್ನೆ ಇದೆ. ಎಲ್ಲರಿಗೂ ತೂಕಕ್ಕೆ ತಕ್ಕಷ್ಟು ಡ್ರಿಪ್, ಎಲ್ಲರಿಗೂ ಒಂದೇ ಬಿಪಿ ಗುರಿ ಎಂಬ ಪದ್ಧತಿಗಿಂತ ಇದು ಬೇರೆ. ಹಾಗಾಗಿ ಗೆಲುವು ಬೆರಳಿನದೋ, ಅದರ ಹಿಂದಿನ ಹಂತ ಹಂತದ ಯೋಚನೆಯದೋ ಎಂದು ಬಿಡಿಸಿ ಹೇಳುವುದು ಕಷ್ಟ.

ಸಾವು ಇಳಿಯದೆ ಗೆಲುವು ಹೇಗೆ

ಗೊಂದಲದ ಮೂಲ ಇರುವುದು ಲೆಕ್ಕ ಹಾಕಿದ ಬಗೆಯಲ್ಲಿ. ಈ ಅಧ್ಯಯನದಲ್ಲಿ ರೋಗಿಗಳನ್ನು ಜೋಡಿ ಮಾಡಿ ಹೋಲಿಸಿದರು. ಹೊಸ ವಿಧಾನದ ಒಬ್ಬ ರೋಗಿ, ಎಂದಿನ ಚಿಕಿತ್ಸೆಯ ಒಬ್ಬ ರೋಗಿ. ಮೊದಲ ಪ್ರಶ್ನೆ: 28 ದಿನಗಳಲ್ಲಿ ಯಾರು ಬದುಕಿದರು? ಒಬ್ಬರು ಉಳಿದು ಒಬ್ಬರು ಹೋಗಿದ್ದರೆ ಅಲ್ಲಿಗೇ ತೀರ್ಮಾನ. ಅಲ್ಲಿ ತೀರ್ಮಾನ ಆಗದಿದ್ದರೆ ಎರಡನೇ ಪ್ರಶ್ನೆ: ಬಿಪಿ ಔಷಧಿ, ವೆಂಟಿಲೇಟರ್, ಡಯಾಲಿಸಿಸ್‌ಗಳಿಂದ ಯಾರು ಬೇಗ ಬಿಡಿಸಿಕೊಂಡರು? ಅದೂ ಸಮವಾದರೆ ಮೂರನೆಯದು: ಆಸ್ಪತ್ರೆಯಿಂದ ಯಾರು ಬೇಗ ಹೊರಬಿದ್ದರು?

ಹೀಗೆ ಹೋಲಿಸಿದಾಗ ಶೇ 48.9 ಜೋಡಿಗಳಲ್ಲಿ ಹೊಸ ವಿಧಾನ ಗೆದ್ದಿತು, ಶೇ 42.1ರಲ್ಲಿ ಎಂದಿನ ಚಿಕಿತ್ಸೆ ಗೆದ್ದಿತು. ಉಳಿದವು ಸಮ. ಈಗ ಗೆಲುವು ಎಲ್ಲಿಂದ ಬಂತು ನೋಡಿ. ಸಾವಿನ ಪ್ರಶ್ನೆಯಲ್ಲಿ ಹೊಸ ವಿಧಾನದ ಶೇ 19.1ಕ್ಕೆ ಎಂದಿನ ಚಿಕಿತ್ಸೆಯ ಶೇ 17.8, ಹೆಚ್ಚು ಅಂತರ ಇಲ್ಲ. ಆಸ್ಪತ್ರೆ ವಾಸದಲ್ಲಿ 3.4ಕ್ಕೆ 3.2, ಅಲ್ಲೂ ಅಷ್ಟೇ. ಆದರೆ ಜೀವಾಧಾರ ಯಂತ್ರ ಮತ್ತು ಔಷಧಿಗಳಿಂದ ಬಿಡುಗಡೆಯ ಪ್ರಶ್ನೆಯಲ್ಲಿ 26.4ಕ್ಕೆ 21.1. ಗೆಲುವಿನ ಬಹುಪಾಲು ಬಂದಿರುವುದು ಇಲ್ಲಿಂದ.

ಅಂದರೆ ಸತ್ಯ ಇಷ್ಟು: ಹೊಸ ವಿಧಾನ ಹೆಚ್ಚು ಜನರನ್ನು ಉಳಿಸಿತು ಎಂದು ಹೇಳಲಾಗದು. ಉಳಿದವರು ಯಂತ್ರಗಳಿಂದ ಬೇಗ ಬಿಡಿಸಿಕೊಂಡರು ಎಂದು ಹೇಳಬಹುದು. ಇದನ್ನು ಸಣ್ಣದು ಎಂದು ತಳ್ಳಿಹಾಕುವುದು ತಪ್ಪು. ವೆಂಟಿಲೇಟರ್ ಮೇಲಿನ ಪ್ರತಿ ದಿನವೂ ಹೊಸ ನ್ಯುಮೋನಿಯಾದ ಅಪಾಯ, ಸ್ನಾಯು ಕರಗುವುದು, ಮನೆಯವರ ಕೈಯಿಂದ ಜಾರುವ ಹಣ. ಹಾಗೆಂದು ‘ಬೆರಳು ಒತ್ತಿದರೆ ಪ್ರಾಣ ಉಳಿಯುತ್ತದೆ’ ಎಂಬ ತಲೆಬರಹ ಬರೆಯುವುದೂ ತಪ್ಪೇ.

ಒಪ್ಪದವರ ವಾದ

ಅನುಮಾನ ಪಡುವವರಿಗೆ ಗಟ್ಟಿ ಕಾರಣಗಳಿವೆ. ಯಾವ ರೋಗಿ ಯಾವ ಗುಂಪಿನಲ್ಲಿದ್ದಾರೆ ಎಂದು ಚಿಕಿತ್ಸೆ ಕೊಡುವವರಿಗೆ ಗೊತ್ತಿತ್ತು. ಸಾವು ಯಾರ ಅಭಿಪ್ರಾಯಕ್ಕೂ ಬಗ್ಗುವುದಿಲ್ಲ. ಆದರೆ ಔಷಧಿ ಯಾವಾಗ ನಿಲ್ಲಿಸಬೇಕು, ವೆಂಟಿಲೇಟರ್ ಯಾವಾಗ ತೆಗೆಯಬೇಕು ಎಂಬುದು ವೈದ್ಯರ ತೀರ್ಮಾನ. ‘ಬೆರಳು ಸರಿ ಇದೆ’ ಎಂಬ ಧೈರ್ಯದಲ್ಲಿ ಬೇಗ ನಿಲ್ಲಿಸಿದ್ದರೆ, ಗೆಲುವಿನ ಒಂದು ಪಾಲು ಆ ಧೈರ್ಯದ್ದು. ಎರಡನೆಯದಾಗಿ, ಗೆದ್ದ ಜೋಡಿಗಳನ್ನು ಸೋತ ಜೋಡಿಗಳಿಂದ ಭಾಗಿಸಿದರೆ ಬರುವ ಗೆಲುವಿನ ಅನುಪಾತ 1.16; ಒಂದು ಎಂದರೆ ಎರಡೂ ವಿಧಾನ ಸಮ. ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ 1.02ರಿಂದ 1.33. ಕೆಳಗಿನ ಅಂಕಿ ಒಂದಕ್ಕೆ ಇಷ್ಟು ಹತ್ತಿರ ಇರುವುದರಿಂದ ಲಾಭ ಇದ್ದರೂ ತೀರಾ ಚಿಕ್ಕದಿರಬಹುದು.

ಬೆಂಬಲಿಸುವವರು ಇದಕ್ಕೆ ಕೊಡುವ ಉತ್ತರವೂ ತೂಕದ್ದೇ. ಬೇಗ ನಿಲ್ಲಿಸಿಯೂ ಸಾವು ಹೆಚ್ಚಾಗಲಿಲ್ಲವಲ್ಲ. ಹಾಗಾದರೆ ಆ ಚಿಕಿತ್ಸೆ ಅಷ್ಟು ದಿನ ಬೇಕಿರಲಿಲ್ಲ ಎಂದೇ ಅರ್ಥ. ನನಗೆ ಈ ವಾದ ಹೆಚ್ಚು ಸರಿ ಎನಿಸುತ್ತದೆ. ಧೈರ್ಯವಾಗಿ ನಿಲ್ಲಿಸಲು ವೈದ್ಯರಿಗೆ ಒಂದು ಆಧಾರ ಸಿಗುವುದೇ ಈ ವಿಧಾನದ ನಿಜವಾದ ಕೊಡುಗೆ.

ಕ್ಯಾಮೆರಾ ಯಾಕೆ ಗೆಲ್ಲಲಿಲ್ಲ

ಕಿರುನಾಳಗಳನ್ನು ನೇರವಾಗಿ ನೋಡುವ ಕ್ಯಾಮೆರಾ ಇರುವಾಗ ಬೆರಳೇಕೆ ಎಂಬ ಪ್ರಶ್ನೆ ಸಹಜ. ನಾಲಿಗೆಯಡಿ ಇಡುವ ಈ ಉಪಕರಣದ ಮೂರು ತಲೆಮಾರು ಬಂದಿವೆ. ಚಿತ್ರದಲ್ಲಿ ಕೆಂಪು ಕಣಗಳು ಒಂದೊಂದೇ ಓಡುವುದು ಕಾಣುತ್ತದೆ. ನೋಡಿದವರು ಮರೆಯುವುದಿಲ್ಲ. 2018ರಲ್ಲಿ ತಜ್ಞರು ಸೇರಿ ಅಳತೆಯ ನಿಯಮಗಳನ್ನೂ ಹೊಸದಾಗಿ ಪ್ರಕಟಿಸಿದರು.

ಆದರೆ ದಿನನಿತ್ಯದ ಬಳಕೆಗೆ ತೊಡಕುಗಳಿವೆ. ಕ್ಯಾಮೆರಾವನ್ನು ಸ್ವಲ್ಪ ಜೋರಾಗಿ ಒತ್ತಿದರೂ ನಾಳಗಳು ಮುಚ್ಚಿಹೋಗಿ ಇಲ್ಲದ ಕಾಯಿಲೆ ಕಾಣುತ್ತದೆ. ಎಂಜಲು, ರಕ್ತ ಅಡ್ಡ ಬರುತ್ತವೆ. ನಿದ್ದೆಯ ಔಷಧಿ ಇಲ್ಲದ ರೋಗಿ ಬಾಯಿ ತೆರೆದು ಕದಲದೆ ಇರುವುದಿಲ್ಲ. ಇವೆಲ್ಲ ತಾಂತ್ರಿಕ ತೊಂದರೆಗಳು, ಒಂದಲ್ಲ ಒಂದು ದಿನ ನೀಗಬಹುದು. ಮೂಲ ತೊಡಕು ಬೇರೆ. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ತಂಡ ಮುಂದಾಳತ್ವ ವಹಿಸಿ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಶಾಕ್ ರೋಗಿಗಳ ನಾಲಿಗೆಯಡಿಯ ಚಿತ್ರದ ಮಾಹಿತಿಯನ್ನು ಚಿಕಿತ್ಸೆ ಕೊಡುವ ವೈದ್ಯರಿಗೆ ತಿಳಿಸಿದರು. ಸಾವಿನ ಪ್ರಮಾಣ ಬದಲಾಗಲಿಲ್ಲ. ಕಿರುನಾಳ ಕೆಟ್ಟಿದೆ ಎಂದು ತಿಳಿದ ಮೇಲೆ ಮುಂದೇನು ಮಾಡಬೇಕು ಎಂಬುದಕ್ಕೆ ಖಚಿತ ಉತ್ತರ ಇಲ್ಲದಿದ್ದರೆ ತಿಳಿದು ಪ್ರಯೋಜನ ಎಷ್ಟು? ನಾಳಗಳನ್ನೇ ನೇರವಾಗಿ ಹಿಗ್ಗಿಸುವ ನೈಟ್ರೊಗ್ಲಿಸರಿನ್ ಕೊಟ್ಟು ನೋಡಿದ ನೆದರ್ಲೆಂಡ್ಸ್‌ನ 2010ರ ಪ್ರಯತ್ನವೂ ಕೈಕೊಟ್ಟಿತ್ತು.

ಆಂಡ್ರೊಮಿಡಾ–2ರಲ್ಲಿ ಅಳತೆಯ ಬೆನ್ನಿಗೇ ಒಂದು ತೀರ್ಮಾನ ಕಟ್ಟಿಹಾಕಿದ್ದರು. ಸರಿ ಇದ್ದರೆ ನಿಲ್ಲು, ಇಲ್ಲದಿದ್ದರೆ ಈ ಹೆಜ್ಜೆ, ಆಮೇಲೆ ಆ ಹೆಜ್ಜೆ. ಕ್ಯಾಮೆರಾ ಕೊಡುವ ಮಾಹಿತಿ ಬೆರಳಿಗಿಂತ ಎಷ್ಟೋ ಪಟ್ಟು ಹೆಚ್ಚು, ಆದರೆ ಅದಕ್ಕೆ ಅಂಥ ಮೆಟ್ಟಿಲುಗಳು ಇನ್ನೂ ಸಿದ್ಧವಾಗಿಲ್ಲ. ಬೆಳಕು ಹಾಯಿಸಿ ಹೆಬ್ಬೆರಳ ಬುಡದ ಸ್ನಾಯುವಿನ ಆಮ್ಲಜನಕ ಅಳೆಯುವ ಯಂತ್ರದ ಕಥೆಯೂ ಹೆಚ್ಚುಕಡಿಮೆ ಇದೇ.

ಇನ್ನೊಂದು ಅಗ್ಗದ ಅಳತೆ ಎಷ್ಟೋ ಮನೆಗಳಲ್ಲೇ ಇದೆ. ಕೊರೊನಾ ಕಾಲದಲ್ಲಿ ಕೊಂಡ ಕೆಲವು ಆಕ್ಸಿಮೀಟರ್‌ಗಳಲ್ಲಿ ‘ಪಿಐ’ ಎಂಬ ಅಂಕಿ ಬರುತ್ತದೆ. ಬೆರಳಲ್ಲಿ ಮಿಡಿಯುವ ರಕ್ತದ ಪ್ರಮಾಣವನ್ನು ಅದು ಅಂದಾಜು ಮಾಡುತ್ತದೆ. 2002ರ ಅಧ್ಯಯನವೊಂದು ಐಸಿಯು ರೋಗಿಗಳಲ್ಲಿ 1.4ಕ್ಕಿಂತ ಕಡಿಮೆ ಇದ್ದರೆ ಹರಿವು ಕುಂದಿರುವ ಲಕ್ಷಣ ಎಂದಿತ್ತು. ಆದರೆ ಆರೋಗ್ಯವಂತರಲ್ಲೂ ಅದು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ, ಚಳಿಗೂ ಬದಲಾಗುತ್ತದೆ. ಮನೆಯಲ್ಲಿ ಅದನ್ನು ನೋಡಿ ಹೆದರುವುದೂ ಬೇಡ, ಧೈರ್ಯ ತಂದುಕೊಳ್ಳುವುದೂ ಬೇಡ.

ನಮ್ಮ ಚರ್ಮ, ನಮ್ಮ ಆಸ್ಪತ್ರೆ

ಮಂಡಿಯ ಸುತ್ತ ಚರ್ಮ ಬಲೆಬಲೆಯಾಗಿ ನೀಲಿಗಟ್ಟುವುದನ್ನು 0ಯಿಂದ 5ರವರೆಗೆ ಅಂಕ ಕೊಟ್ಟು ಅಳೆಯುವ ಪದ್ಧತಿಯನ್ನು ಪ್ಯಾರಿಸ್‌ನ ವೈದ್ಯರು 2011ರಲ್ಲಿ ರೂಪಿಸಿದರು. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಪ್ಪು ಅಥವಾ ಕಂದು ಚರ್ಮದಲ್ಲಿ ಆ ಬಲೆ ಸುಲಭಕ್ಕೆ ಕಾಣುವುದೇ ಇಲ್ಲ. ಬೆಳಕು ಬಳಸುವ ಉಪಕರಣಗಳಿಗೂ ಈ ತೊಂದರೆ ಇದೆ. ಆಕ್ಸಿಮೀಟರ್ ‘ಸರಿ ಇದೆ’ ಎಂದು ತೋರಿಸಿದರೂ ರಕ್ತಪರೀಕ್ಷೆಯಲ್ಲಿ ಆಮ್ಲಜನಕ ಕಡಿಮೆ ಇರುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ಅಮೆರಿಕದಲ್ಲಿ 2020ರಲ್ಲಿ ಗೊತ್ತಾಯಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 2025ರ ಜನವರಿಯಲ್ಲಿ ಹೊಸ ನಿಯಮಗಳ ಕರಡು ಹೊರಡಿಸಿತು.

ಬೆರಳ ತುದಿಯ ಒಳಭಾಗದಲ್ಲಿ ಬಣ್ಣದ ಅಂಶ ಕಡಿಮೆ ಇರುವುದು ನಮಗೆ ಅನುಕೂಲವೇ. ಆದರೂ ಮೂರು ಸೆಕೆಂಡಿನ ಗೆರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆರೋಗ್ಯವಂತರಲ್ಲಿ ಅಳೆದ 1988ರ ಅಧ್ಯಯನದಲ್ಲಿ ಗಂಡಸರಿಗೆ 2 ಸೆಕೆಂಡ್, ಹೆಂಗಸರಿಗೆ 2.9, ವಯಸ್ಸಾದವರಿಗೆ 4.5 ಸೆಕೆಂಡಿನವರೆಗೂ ಸಹಜ ಎಂದು ಕಂಡಿತ್ತು. ಎಸಿ ಜೋರಾಗಿರುವ ಐಸಿಯುನಲ್ಲಿ ಹೊದಿಕೆ ಹೊರಗಿದ್ದ ತಣ್ಣನೆಯ ಕೈ ಇನ್ನೂ ತಡ ಮಾಡುತ್ತದೆ. ಮೊದಲು ಕೈ ಬೆಚ್ಚಗಾಗಿಸಿ, ಒಳ್ಳೇ ಬೆಳಕಿನಲ್ಲಿ ನೋಡಬೇಕು. ಒಂದು ಸಲದ ಅಂಕಿಗಿಂತ ಗಂಟೆಗಂಟೆಗೆ ಅದು ಎತ್ತ ಹೋಗುತ್ತಿದೆ ಎಂಬುದು ಮುಖ್ಯ.

ಡೆಂಗಿಯಲ್ಲಿ ಇದರ ಬೆಲೆ ನಮ್ಮ ವೈದ್ಯರಿಗೆ ಮೊದಲೇ ಗೊತ್ತು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಡೆಂಗಿ ಶಾಕ್‌ನಲ್ಲಿ ನಾಳಗಳು ಸೋರುತ್ತವೆ, ಮೇಲಿನ ಬಿಪಿ ಬಹಳ ಹೊತ್ತು ಸರಿಯಾಗಿಯೇ ಇರುತ್ತದೆ, ಎರಡು ಅಂಕಿಗಳ ಅಂತರ 20ಕ್ಕೆ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಸಿಆರ್‌ಟಿ ತಡವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆಲ್ಲ ಇದೆ. ಆದರೆ ಆಂಡ್ರೊಮಿಡಾದ ಮೆಟ್ಟಿಲುಗಳು ಸೆಪ್ಟಿಕ್ ಶಾಕ್‌ಗಾಗಿ ಮಾಡಿದವು. ಡೆಂಗಿಯ ಡ್ರಿಪ್ ಲೆಕ್ಕವೇ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಗೇ ತಂದು ಹಾಕಿದರೆ ಅಪಾಯ.

ಮುಂದೆ ಆಗಬಹುದಾದ್ದು ಇಷ್ಟು. ಮಾರ್ಗಸೂಚಿಗಳಲ್ಲಿ ಸಿಆರ್‌ಟಿಯ ಸ್ಥಾನ ಗಟ್ಟಿಯಾಗುವ ಸಾಧ್ಯತೆ ಇದೆ. ಎಲ್ಲರೂ ಒಂದೇ ರೀತಿ ಒತ್ತುವಂತೆ ಮಾಡುವ ಯಂತ್ರಗಳೂ ಬರುತ್ತಿವೆ. ಲ್ಯಾಕ್ಟೇಟ್ ಪರೀಕ್ಷೆ ಹೊರಟುಹೋಗುವುದಿಲ್ಲ, ಕಾಯಿಲೆ ಗುರುತಿಸಲು ಅದು ಬೇಕೇ ಬೇಕು. ಚಿಕಿತ್ಸೆ ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನದಲ್ಲಿ ಮಾತ್ರ ಅದರ ಹಿಡಿತ ಸಡಿಲವಾಗಬಹುದು. ಲ್ಯಾಕ್ಟೇಟ್ ತಿಳಿಸುವ ರಕ್ತದ ಅನಿಲ ಪರೀಕ್ಷೆಯ ಯಂತ್ರ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ, ರೋಗಿಯನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕೇ, ದಾರಿಯಲ್ಲಿ ಇನ್ನೊಂದು ಬಾಟಲಿ ಹಾಕಬೇಕೇ ಎಂದು ನಿರ್ಧರಿಸಲು ಬೆರಳು ನೆರವಾಗುತ್ತದೆ.

ಗಾಜಿನ ತುಂಡಿಗೆ ಖರ್ಚಿಲ್ಲ ಎಂದುಕೊಂಡು ಇದನ್ನು ಪುಕ್ಕಟೆ ಎನ್ನುವಂತಿಲ್ಲ. ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಹಾಸಿಗೆಯ ಬಳಿ ಬಂದು, ಹತ್ತು ಸೆಕೆಂಡ್ ಸರಿಯಾಗಿ ಒತ್ತಿ ಹಿಡಿದು, ಚಾರ್ಟ್‌ನಲ್ಲಿ ಬರೆಯುವ ಕೈ ಬೇಕು. ಆ ಕೈ ಬಹುತೇಕ ನರ್ಸ್‌ಗಳದ್ದು. ಒಬ್ಬ ನರ್ಸ್ ಎಷ್ಟು ಹಾಸಿಗೆ ನೋಡಿಕೊಳ್ಳುತ್ತಾರೆ, ಅಳತೆ ಕೆಟ್ಟಿದೆ ಎಂದು ಅವರು ಹೇಳಿದಾಗ ರಾತ್ರಿ ಎರಡು ಗಂಟೆಗೆ ಎಕೋ ಮಾಡಬಲ್ಲ ವೈದ್ಯರು ಇದ್ದಾರೆಯೇ ಎಂಬುದರ ಮೇಲೆ ಈ ವಿಧಾನ ನಮ್ಮಲ್ಲಿ ನಿಲ್ಲುತ್ತದೆಯೋ ಬೀಳುತ್ತದೆಯೋ ಎಂಬುದು ನಿರ್ಧಾರವಾಗುತ್ತದೆ. ಐಸಿಯು ಚಾರ್ಟ್‌ನಲ್ಲಿ ಬಿಪಿಯ ಪಕ್ಕಕ್ಕೆ ಸಿಆರ್‌ಟಿಗೂ ಒಂದು ಕಾಲಂ ಹಾಕುವುದನ್ನು ಯಾವ ಆಸ್ಪತ್ರೆಯೂ ನಾಳೆಯೇ ಶುರು ಮಾಡಬಹುದು. ಆ ಕಾಲಂ ತುಂಬುವಷ್ಟು ನರ್ಸ್‌ಗಳನ್ನು ನೇಮಿಸುವುದು ಮಾತ್ರ ಸರ್ಕಾರ ಮತ್ತು ಆಸ್ಪತ್ರೆಗಳ ಆಡಳಿತದ ಕೈಯಲ್ಲಿದೆ.